ಒಡಂಬಡಿಕೆಯ ನಾಡು: ಪ್ಯೂರಿಟನ್ ವಲಸಿಗರ ನಂಬಿಕೆ ಮತ್ತು ಗುರಿ

17ನೇ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನಿಂದ ಉತ್ತರ ಅಮೆರಿಕದ ಈಶಾನ್ಯ ಕರಾವಳಿಗೆ ಹೋಗಿ ನೆಲೆಸಿದ ಪ್ಯೂರಿಟನ್ನರು ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಹೊರಟವರು ಎಂಬ ಮಾತು ಶಾಲೆಯ ಪಠ್ಯಗಳಿಂದ ಹಿಡಿದು ಅಮೆರಿಕದ ಅಧ್ಯಕ್ಷರ ಭಾಷಣಗಳವರೆಗೆ ಎಲ್ಲೆಡೆ ಕೇಳಿಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ತಮ್ಮ ಮನಸ್ಸಾಕ್ಷಿಗೆ ಒಪ್ಪುವಂತೆ ದೇವರನ್ನು ಆರಾಧಿಸುವ ಅವಕಾಶ ಅವರಿಗೆ ಬೇಕಾಗಿತ್ತು ಎಂಬುದು ನಿಜವಾದರೂ, ಅಂಥದೇ ಅವಕಾಶವನ್ನು ಬೇರೆಯವರಿಗೂ ಕೊಡಬೇಕೆಂಬ ವಿಚಾರ ಅವರಲ್ಲಿ ಬಹುತೇಕರಿಗೆ ಪಾಪವೆಂದೇ ತೋರುತ್ತಿತ್ತು. ಅವರು ಕಟ್ಟಲು ಹೊರಟದ್ದು ದೇವರೊಡನೆ ಒಪ್ಪಂದ ಮಾಡಿಕೊಂಡ ಒಂದು ಸಮುದಾಯವನ್ನು, ಅಂದರೆ ಬೈಬಲ್ಲಿನ ಭಾಷೆಯಲ್ಲಿ ಹೇಳುವುದಾದರೆ ‘ಒಡಂಬಡಿಕೆ’ಯ ಜನವನ್ನು. ಆ ಸಮುದಾಯದ ಶಾಲೆ, ಸಂತೆ, ಮತದಾನ, ಯುದ್ಧ ಎಲ್ಲವೂ ಈ ಒಂದೇ ಕಲ್ಪನೆಯ ಸುತ್ತ ಹೆಣೆದುಕೊಂಡಿದ್ದವು.

ಇದರ ಬೇರು ಇರುವುದು ಇಂಗ್ಲೆಂಡಿನ ಮತಸುಧಾರಣೆಯ ಅಪೂರ್ಣತೆಯಲ್ಲಿ. ಎಂಟನೇ ಹೆನ್ರಿ 1534ರಲ್ಲಿ ರೋಮಿನ ಪೋಪರ ಅಧಿಕಾರವನ್ನು ನಿರಾಕರಿಸಿ ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನೆಂದು ಘೋಷಿಸಿಕೊಂಡನಾದರೂ, ಪೂಜಾವಿಧಿಗಳೂ ಬಿಷಪರ ಶ್ರೇಣಿಯೂ ಬಹುಮಟ್ಟಿಗೆ ಮೊದಲಿನಂತೆಯೇ ಉಳಿದವು. ಅವನ ಮಗಳು ಮೇರಿಯು 1553ರಿಂದ 1558ರವರೆಗಿನ ತನ್ನ ಆಳ್ವಿಕೆಯಲ್ಲಿ ದೇಶವನ್ನು ಮತ್ತೆ ಕ್ಯಾಥೊಲಿಕ್ ಪಂಥಕ್ಕೆ ತಿರುಗಿಸಲು ಯತ್ನಿಸಿ ಸುಮಾರು 280 ಮಂದಿ ಪ್ರಾಟೆಸ್ಟಂಟರನ್ನು ಸುಡಿಸಿದಾಗ, ಹಲವು ಪಂಡಿತರು ಜಿನೀವಾ ಮೊದಲಾದ ನಗರಗಳಿಗೆ ಓಡಿಹೋಗಿ, ಅಲ್ಲಿ ಜಾನ್ ಕ್ಯಾಲ್ವಿನ್ ಎಂಬ ಸುಧಾರಕನ ಬೋಧನೆಯನ್ನೂ ಅವನು ರೂಪಿಸಿದ್ದ ಶಿಸ್ತಿನ ಸಭಾವ್ಯವಸ್ಥೆಯನ್ನೂ ಕಣ್ಣಾರೆ ಕಂಡು ಬಂದರು. ಅವರು ಸಿದ್ಧಪಡಿಸಿ 1560ರಲ್ಲಿ ಪ್ರಕಟಿಸಿದ, ಅಂಚಿನಲ್ಲಿ ಟಿಪ್ಪಣಿಗಳಿದ್ದ ಜಿನೀವಾ ಬೈಬಲ್ ಮುಂದಿನ ಎರಡು ತಲೆಮಾರುಗಳ ಕಾಲ ಇಂಗ್ಲಿಷ್ ಮನೆಗಳ ಗ್ರಂಥವಾಯಿತು. ಆದರೆ ಮೇರಿಯ ನಂತರ ಬಂದ ಮೊದಲನೇ ಎಲಿಜಬೆತ್ 1559ರಲ್ಲಿ ಮಾಡಿದ ಏರ್ಪಾಡು ನಡುದಾರಿಯದು: ಬೋಧನೆ ಪ್ರಾಟೆಸ್ಟಂಟ್ ಆಗಿತ್ತು, ವೇಷಭೂಷಣ ಮತ್ತು ವಿಧಿಗಳಲ್ಲಿ ಹಳೆಯದು ಬಹಳಷ್ಟು ಉಳಿದಿತ್ತು.

ಈ ನಡುದಾರಿಯನ್ನು ಒಪ್ಪದೆ, ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದು ಹಟ ಹಿಡಿದವರನ್ನು ವಿರೋಧಿಗಳು ಹಂಗಿಸಿ ಕರೆದ ಹೆಸರೇ ಪ್ಯೂರಿಟನ್. ಪಾದ್ರಿಗಳು ತೊಡುವ ಬಿಳಿಯ ನಿಲುವಂಗಿ, ದೀಕ್ಷಾಸ್ನಾನದ ವೇಳೆ ಮಗುವಿನ ಹಣೆಯ ಮೇಲೆ ಬರೆಯುವ ಶಿಲುಬೆಯ ಗುರುತು, ಮದುವೆಯ ಉಂಗುರ, ಪ್ರಭುಭೋಜನವೆಂಬ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರವನ್ನು ಮೊಣಕಾಲೂರಿ ಸ್ವೀಕರಿಸುವುದು, ಇವೆಲ್ಲವೂ ಬೈಬಲ್ಲಿನಲ್ಲಿ ಆಧಾರವಿಲ್ಲದ ಮನುಷ್ಯಕಲ್ಪಿತ ಆಚಾರಗಳೆಂದು ಅವರು ವಾದಿಸಿದರು. ಇಂದಿನ ಓದುಗರಿಗೆ ಇವು ಕ್ಷುಲ್ಲಕ ವಿಷಯಗಳೆಂದು ಕಾಣಬಹುದು. ಆದರೆ ದೇವರು ತನ್ನನ್ನು ಹೇಗೆ ಆರಾಧಿಸಬೇಕೆಂದು ಸ್ಪಷ್ಟವಾಗಿ ಹೇಳಿದ್ದಾನೆ, ಅದಕ್ಕೆ ಮನುಷ್ಯರು ಏನನ್ನು ಸೇರಿಸಿದರೂ ಅದು ವಿಗ್ರಹಾರಾಧನೆಗೆ ಸಮ ಎಂದು ನಂಬಿದವರಿಗೆ ಒಂದು ನಿಲುವಂಗಿಯೂ ಆತ್ಮದ ಅಳಿವು ಉಳಿವಿನ ಪ್ರಶ್ನೆಯಾಗಬಲ್ಲುದು. ವಿಧಿಗಳಿಗಿಂತ ಹೆಚ್ಚಾಗಿ ಅವರು ಬೇಡಿದ್ದು ಪ್ರಸಂಗವನ್ನು ಮತ್ತು ಅದರ ಮೂಲಕ ಬೈಬಲ್ಲಿನ ವಾಕ್ಯವನ್ನು ಬಿಡಿಸಿ ಹೇಳಬಲ್ಲ ವಿದ್ಯಾವಂತ ಬೋಧಕರನ್ನು.

1603ರಲ್ಲಿ ಸಿಂಹಾಸನವೇರಿದ ಮೊದಲನೇ ಜೇಮ್ಸ್, ಮರುವರ್ಷ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಕರೆದ ಸಭೆಯಲ್ಲಿ ಪ್ಯೂರಿಟನ್ನರ ಬೇಡಿಕೆಗಳಲ್ಲಿ ಬೈಬಲ್ಲಿನ ಹೊಸ ಅನುವಾದದಂಥ ಕೆಲವನ್ನು ಮಾತ್ರ ಒಪ್ಪಿದನು. ಬಿಷಪರಿಲ್ಲದ ಚರ್ಚು ರಾಜನಿಲ್ಲದ ದೇಶಕ್ಕೆ ದಾರಿಮಾಡುತ್ತದೆಂಬ ಅವನ ಆತಂಕ ಆಧಾರವಿಲ್ಲದ್ದೇನೂ ಆಗಿರಲಿಲ್ಲವೆಂಬುದನ್ನು ಅವನ ಮಗನ ಗತಿಯೇ ಮುಂದೆ ತೋರಿಸಿತು. ಚರ್ಚು ಎಂದಿಗೂ ಸುಧಾರಿಸದೆಂದು ಕೈಬಿಟ್ಟು ಪ್ರತ್ಯೇಕ ಸಭೆಗಳನ್ನು ಕಟ್ಟಿಕೊಂಡ ಚಿಕ್ಕ ಗುಂಪೊಂದು ಮೊದಲು ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿ, ಅಲ್ಲಿಂದ 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಬಂದು ಪ್ಲಿಮತ್ ಎಂಬಲ್ಲಿ ನೆಲೆಯೂರಿತು. ಹಡಗಿನಲ್ಲಿದ್ದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಜನಪ್ರಿಯ ಕಥೆಗಳಲ್ಲಿ ಮುಂದೆ ನಿಲ್ಲುವವರು ಇವರೇ ಆದರೂ, ಚರಿತ್ರೆಯ ಗತಿಯನ್ನು ಬದಲಿಸಿದವರು ಹತ್ತು ವರ್ಷಗಳ ಬಳಿಕ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದ ಮತ್ತೊಂದು ಬಗೆಯ ಪ್ಯೂರಿಟನ್ನರು. ಇವರು ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾದವರಲ್ಲ. ಹೊರಡುವ ಮುನ್ನ ಪ್ರಕಟಿಸಿದ ಮನವಿಯಲ್ಲಿ ಆ ಚರ್ಚನ್ನು ತಾಯಿಯೆಂದೇ ಸಂಬೋಧಿಸಿ, ತಮ್ಮ ನಿಷ್ಠೆಯ ಬಗ್ಗೆ ಯಾರೂ ಸಂಶಯಪಡಬಾರದೆಂದು ಕೋರಿದ್ದರು.

ಅವರನ್ನು ಹೊರಡಿಸಿದ ಒತ್ತಡವನ್ನು ತಿಳಿಯುವ ಮುನ್ನ ಅವರ ನಂಬಿಕೆಯ ಒಳಗುಟ್ಟನ್ನು ಅರಿಯಬೇಕು. ಆದಾಮನ ಪತನದಿಂದ ಮನುಕುಲವೆಲ್ಲ ಎಷ್ಟು ಕೆಟ್ಟುಹೋಗಿದೆಯೆಂದರೆ ಯಾವ ಮನುಷ್ಯನೂ ತನ್ನ ಪ್ರಯತ್ನದಿಂದ ರಕ್ಷಣೆಯನ್ನು, ಅಂದರೆ ನರಕದಿಂದ ಬಿಡುಗಡೆಯನ್ನೂ ದೇವರ ಸಾನ್ನಿಧ್ಯವನ್ನೂ, ಪಡೆಯಲಾರನು. ಜಗತ್ತಿನ ಸೃಷ್ಟಿಗೂ ಮೊದಲೇ ದೇವರು ತನ್ನ ಇಚ್ಛೆಯೊಂದರಿಂದಲೇ ಕೆಲವರನ್ನು ಆರಿಸಿಕೊಂಡಿದ್ದಾನೆ, ಉಳಿದವರನ್ನು ಅವರ ಪಾಪಕ್ಕೆ ಬಿಟ್ಟಿದ್ದಾನೆ ಎಂಬುದು ಕ್ಯಾಲ್ವಿನ್ ಪಂಥದ ಪೂರ್ವನಿಯತಿಯ ಸಿದ್ಧಾಂತ. ಹಾಲೆಂಡಿನ ಡಾರ್ಟ್ ನಗರದಲ್ಲಿ 1618-19ರಲ್ಲಿ ಸೇರಿದ ಧರ್ಮಸಭೆಯು ಇದನ್ನು ಖಚಿತ ಸೂತ್ರಗಳಾಗಿ ರೂಪಿಸಿತು. ಇಲ್ಲಿ ಕರ್ಮಫಲದ ಲೆಕ್ಕಕ್ಕೆ ಎಡೆಯೇ ಇಲ್ಲ: ಒಳ್ಳೆಯ ಕೆಲಸಗಳಿಂದ ಕೃಪೆ ದೊರೆಯುವುದಿಲ್ಲ, ಕೃಪೆ ದೊರೆತವನಿಂದ ಒಳ್ಳೆಯ ಕೆಲಸಗಳು ತಾವಾಗಿ ಹೊಮ್ಮುತ್ತವೆ, ಅಷ್ಟೆ. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಮನುಷ್ಯ ಕೈಕಟ್ಟಿ ಕೂರಬೇಕಲ್ಲವೇ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಆದದ್ದು ಇದಕ್ಕೆ ತೀರ ವಿರುದ್ಧ. ತಾನು ಆಯ್ಕೆಯಾದವನೋ ಅಲ್ಲವೋ ಎಂಬ ಪ್ರಶ್ನೆ ಒಬ್ಬೊಬ್ಬನನ್ನೂ ಹಗಲಿರುಳು ಕಾಡುತ್ತಿದ್ದುದರಿಂದ, ತನ್ನ ಮನಸ್ಸಿನ ಚಲನವಲನಗಳನ್ನು ಪರೀಕ್ಷಿಸುವುದು, ದಿನಚರಿ ಬರೆಯುವುದು, ಮಗುವಿನ ಜ್ವರದಿಂದ ಹಿಡಿದು ಬೆಳೆಯ ನಷ್ಟದವರೆಗೆ ಪ್ರತಿಯೊಂದು ಘಟನೆಯಲ್ಲೂ ದೇವರ ಸಂಕೇತವನ್ನು ಹುಡುಕುವುದು ಅವರ ಬದುಕಿನ ರೀತಿಯೇ ಆಯಿತು.

ಈ ತಳಮಳಕ್ಕೆ ಒಂದು ಕಟ್ಟು ಒದಗಿಸಿದ್ದು ಒಡಂಬಡಿಕೆಯ ಸಿದ್ಧಾಂತ. ವಿಲಿಯಂ ಪರ್ಕಿನ್ಸ್ ಮತ್ತು ವಿಲಿಯಂ ಏಮ್ಸ್ ಮೊದಲಾದ ಕೇಂಬ್ರಿಡ್ಜಿನ ಪಂಡಿತರು ಬೆಳೆಸಿದ ಈ ವಿಚಾರದಂತೆ, ದೇವರು ಆದಾಮನೊಡನೆ ಮಾಡಿಕೊಂಡ ಮೊದಲ ಒಡಂಬಡಿಕೆ ಕ್ರಿಯೆಯದು, ಅಂದರೆ ವಿಧೇಯನಾಗಿ ನಡೆದರೆ ಜೀವ, ತಪ್ಪಿದರೆ ಸಾವು ಎಂಬುದು. ಅದು ಮುರಿದ ಮೇಲೆ ಅಬ್ರಹಾಮನ ಕಾಲದಿಂದ ಆರಂಭವಾದ ಎರಡನೆಯದು ಕೃಪೆಯದು, ಕ್ರಿಸ್ತನನ್ನು ನಂಬಿದವರಿಗೆ ರಕ್ಷಣೆ ಎಂಬುದು. ಅರಸನೊಬ್ಬ ತಾನಾಗಿ ಸನ್ನದು ಬರೆದುಕೊಟ್ಟು ಅದಕ್ಕೆ ಬದ್ಧನಾಗುವಂತೆ, ಸರ್ವಶಕ್ತನಾದ ದೇವರು ತನ್ನ ಮಾತಿಗೆ ತಾನೇ ಕಟ್ಟುಬಿದ್ದಿದ್ದಾನೆ ಎಂಬ ಭರವಸೆ ಇದರಿಂದ ಹುಟ್ಟುತ್ತಿತ್ತು. ಇವೆರಡೂ ವ್ಯಕ್ತಿಯ ಆತ್ಮಕ್ಕೆ ಸಂಬಂಧಿಸಿದವು. ಇವುಗಳ ಜೊತೆಗೆ, ಬೈಬಲ್ಲಿನ ಮೊದಲ ಭಾಗವಾದ ‘ಹಳೆಯ ಒಡಂಬಡಿಕೆ’ಯಲ್ಲಿ ಬರುವ ಇಸ್ರಾಯೇಲರ ಮಾದರಿಯಲ್ಲಿ ಇಡೀ ಜನಾಂಗವೊಂದು ದೇವರೊಡನೆ ಒಪ್ಪಂದಕ್ಕೆ ಬರಬಹುದೆಂಬ ಮೂರನೆಯ ಕಲ್ಪನೆಯೂ ಇತ್ತು. ಇದರ ಫಲ ಪರಲೋಕದಲ್ಲಲ್ಲ, ಈ ಲೋಕದಲ್ಲೇ ಮಳೆ ಬೆಳೆ, ಶಾಂತಿ, ಗೆಲುವುಗಳಾಗಿ ಕಾಣಿಸಿಕೊಳ್ಳುತ್ತದೆ, ತಪ್ಪಿದರೆ ಕ್ಷಾಮ, ರೋಗ, ಯುದ್ಧಗಳಾಗಿ ಬಡಿಯುತ್ತದೆ. ನೆರೆಯವನ ಪಾಪ ನೆರೆಯವನೊಬ್ಬನದೇ ಆಗಿ ಉಳಿಯದೆ ಊರಿಗೆಲ್ಲ ತಟ್ಟುವುದು ಈ ಕಾರಣದಿಂದಲೇ. ಪ್ಯೂರಿಟನ್ನರು ಪರರ ನಡತೆಯ ಮೇಲೆ ಇರಿಸಿದ್ದ ಕಣ್ಗಾವಲನ್ನು ಬರಿಯ ಕುತೂಹಲವೆಂದೋ ಕ್ರೌರ್ಯವೆಂದೋ ವಿವರಿಸಿದರೆ ಅದರ ತರ್ಕ ಕೈತಪ್ಪಿಹೋಗುತ್ತದೆ.

1620ರ ದಶಕದ ಕೊನೆಗೆ ಇಂಗ್ಲೆಂಡಿನ ಮೇಲೆ ಅಂಥ ಶಿಕ್ಷೆ ಎರಗಲಿದೆಯೆಂಬ ಭೀತಿ ಪ್ಯೂರಿಟನ್ನರಲ್ಲಿ ದಟ್ಟವಾಯಿತು. ಜರ್ಮನಿಯಲ್ಲಿ 1618ರಿಂದ ನಡೆಯುತ್ತಿದ್ದ ಯುದ್ಧದಲ್ಲಿ ಪ್ರಾಟೆಸ್ಟಂಟರು ಸೋಲುತ್ತಿದ್ದರು; ಫ್ರಾನ್ಸಿನಲ್ಲಿ ಅವರ ಕೋಟೆಯಾಗಿದ್ದ ಲಾ ರೋಷೆಲ್ 1628ರಲ್ಲಿ ಶರಣಾಯಿತು. ಸ್ವದೇಶದಲ್ಲಿ 1625ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಚಾರ್ಲ್ಸ್ ಕ್ಯಾಥೊಲಿಕ್ ರಾಣಿಯನ್ನು ವರಿಸಿದ್ದಲ್ಲದೆ, ವಿಲಿಯಂ ಲಾಡ್ ಎಂಬ ಬಿಷಪನನ್ನು ಮೇಲೆತ್ತಿದನು. 1633ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ ಲಾಡ್ ಪ್ರಭುಭೋಜನದ ಮೇಜನ್ನು ಕಟಕಟೆಯ ಹಿಂದಿನ ಬಲಿಪೀಠವನ್ನಾಗಿಸಲು, ವಿಧಿಗಳನ್ನು ಕಡ್ಡಾಯ ಮಾಡಲು, ಒಪ್ಪದ ಬೋಧಕರ ಬಾಯಿ ಕಟ್ಟಲು ಹೊರಟವನು. ಅದೇ ವರ್ಷ ರಾಜನು ಭಾನುವಾರದಂದು ಆಟಪಾಟಗಳಿಗೆ ಅನುಮತಿ ನೀಡುವ ಘೋಷಣೆಯನ್ನು ಮತ್ತೊಮ್ಮೆ ಹೊರಡಿಸಿ ಚರ್ಚುಗಳಲ್ಲಿ ಓದಿಸಿದ್ದು, ಆ ದಿನವನ್ನು ಸಬ್ಬತ್ ಎಂದು ಪವಿತ್ರವಾಗಿ ಪಾಲಿಸುತ್ತಿದ್ದವರಿಗೆ ದೊಡ್ಡ ಆಘಾತವಾಗಿತ್ತು. ಇದಕ್ಕೂ ಮೊದಲು, 1629ರ ಮಾರ್ಚಿನಲ್ಲಿ ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿ ಹನ್ನೊಂದು ವರ್ಷಗಳ ಏಕಾಡಳಿತವನ್ನು ಆರಂಭಿಸಿದನು.

ಅದೇ ತಿಂಗಳು ಮ್ಯಾಸಚೂಸೆಟ್ಸ್ ಬೇ ಕಂಪನಿ ಎಂಬ ವ್ಯಾಪಾರ ಸಂಸ್ಥೆಗೆ ರಾಜಮುದ್ರೆಯ ಸನ್ನದು ದೊರೆಯಿತು. ಕಂಪನಿಯ ಆಡಳಿತ ಸಭೆಗಳು ಇಂಥ ಕಡೆಯೇ ಸೇರಬೇಕೆಂದು ಅದರಲ್ಲಿ ಬರೆದಿರಲಿಲ್ಲ. ಈ ಸಂದನ್ನು ಕಂಡ ಪ್ಯೂರಿಟನ್ ಷೇರುದಾರರು ಆಗಸ್ಟಿನಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿ, ಸನ್ನದನ್ನೂ ಆಡಳಿತವನ್ನೂ ತಮ್ಮೊಂದಿಗೆ ಕಡಲಾಚೆಗೆ ಒಯ್ಯುವುದಾದರೆ ಸಂಸಾರಸಮೇತ ಹೊರಡಲು ಸಿದ್ಧರೆಂದು ಒಪ್ಪಂದ ಮಾಡಿಕೊಂಡರು. ಹೀಗೆ ಲಾಭಕ್ಕಾಗಿ ಹುಟ್ಟಿದ ಕಂಪನಿಯೊಂದು ಸಾವಿರಾರು ಮೈಲಿ ದೂರದಲ್ಲಿ ಬಹುತೇಕ ಸ್ವಯಮಾಡಳಿತದ ರಾಜ್ಯವಾಗಿ ಮಾರ್ಪಟ್ಟಿತು. ಅದರ ಗವರ್ನರ್ ಆಗಿ ಆಯ್ಕೆಯಾದವನು ಸಫೋಕ್ ಪ್ರಾಂತ್ಯದ ಜಮೀನುದಾರನೂ ವಕೀಲನೂ ಆಗಿದ್ದ ಜಾನ್ ವಿಂತ್ರಾಪ್. ವಲಸೆಯ ಪರವಾಗಿ ಅವನು ಆ ವರ್ಷ ಬರೆದಿಟ್ಟ ಕಾರಣಗಳಲ್ಲಿ ಸುವಾರ್ತೆಯ ಪ್ರಸಾರ, ಕ್ಯಾಥೊಲಿಕ್ ಪ್ರಭಾವಕ್ಕೆ ಎದುರಾಗಿ ಹೊಸ ಲೋಕದಲ್ಲಿ ಕೋಟೆ ಕಟ್ಟುವುದು, ಯುರೋಪಿನ ಸಭೆಗಳ ಮೇಲೆ ಬರಲಿರುವ ವಿನಾಶದಿಂದ ಪಾರಾಗಲು ದೇವರು ಕಾದಿರಿಸಿದ ಆಶ್ರಯವನ್ನು ಸೇರುವುದು ಮೊದಲಾದವುಗಳ ಜೊತೆಗೆ, ಇಂಗ್ಲೆಂಡಿನಲ್ಲಿ ಜನ ಹೆಚ್ಚಿ ಬದುಕು ದುಬಾರಿಯಾದದ್ದೂ ಸೇರಿದೆ. ಧರ್ಮವೋ ಹೊಟ್ಟೆಪಾಡೋ ಎಂಬ ವಿಂಗಡಣೆಯೇ ಅವರಿಗೆ ಅಪರಿಚಿತ. ಹಿಡಿ ಭೂಮಿಯೂ ದೇವರ ಕೈಯಿಂದ ಬಂದದ್ದೆಂದು ನಂಬುವವರಿಗೆ ಎರಡೂ ಒಂದೇ ಆಗಿತ್ತು.

1630ರ ವಸಂತದಲ್ಲಿ ಹನ್ನೊಂದು ಹಡಗುಗಳಲ್ಲಿ ಸುಮಾರು 700 ಮಂದಿ ಹೊರಟರು, ಮುಂದಿನ ಹತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ 20,000 ಜನ ಅವರನ್ನು ಹಿಂಬಾಲಿಸಿದರು. ವರ್ಜೀನಿಯಕ್ಕೆ ಹೋದ ಒಂಟಿ ಗಂಡಾಳುಗಳಂತಲ್ಲದೆ ಇವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳೊಡನೆ ಬಂದ ಮಧ್ಯಮ ಸ್ಥಿತಿಯ ರೈತರು, ನೇಕಾರರು, ಕುಶಲಕರ್ಮಿಗಳು. ವಿಂತ್ರಾಪ್ ಈ ಪ್ರಯಾಣದ ಸಂದರ್ಭಕ್ಕೆ ಸಿದ್ಧಪಡಿಸಿದ ಪ್ರಸಂಗವು ಕ್ರಿಸ್ತೀಯ ಪ್ರೀತಿಯನ್ನು ಕುರಿತದ್ದು. ಬಡವ ಬಲ್ಲಿದರ ಭೇದವನ್ನು ದೇವರೇ ಮಾಡಿದ್ದಾನೆಂದು ಆರಂಭವಾಗುವ ಅದು, ಆ ಭೇದದ ಉದ್ದೇಶ ಪರಸ್ಪರ ಅವಲಂಬನೆಯೆಂದೂ, ಹೊಸ ನಾಡಿನಲ್ಲಿ ಒಬ್ಬರ ಕಷ್ಟವನ್ನು ಇನ್ನೊಬ್ಬರು ಹೊತ್ತು ಅಗತ್ಯ ಬಿದ್ದರೆ ಕೈಮೀರಿ ಕೊಡಬೇಕೆಂದೂ ಹೇಳಿ, ಕೊನೆಯಲ್ಲಿ ಮತ್ತಾಯನ ಸುವಾರ್ತೆಯ ಗುಡ್ಡದ ಮೇಲಿನ ಪಟ್ಟಣದ ಚಿತ್ರವನ್ನು ತರುತ್ತದೆ. 20ನೇ ಶತಮಾನದ ರಾಜಕಾರಣಿಗಳು, ಮುಖ್ಯವಾಗಿ ರೊನಾಲ್ಡ್ ರೇಗನ್, ಈ ಚಿತ್ರವನ್ನು ಅಮೆರಿಕದ ಹೆಗ್ಗಳಿಕೆಯ ಲಾಂಛನವನ್ನಾಗಿ ಮಾಡಿಕೊಂಡರು. ಮೂಲದಲ್ಲಿ ಅದು ಎಚ್ಚರಿಕೆ: ಎಲ್ಲರ ಕಣ್ಣೂ ನಮ್ಮ ಮೇಲಿರುವುದರಿಂದ ನಾವು ಮಾತು ತಪ್ಪಿದರೆ ಲೋಕದ ನಗೆಪಾಟಲಿಗೆ ಈಡಾಗುತ್ತೇವೆ ಎಂಬುದು. ಈ ಪ್ರಸಂಗ ಮೊದಲ ಬಾರಿ ಅಚ್ಚಾದದ್ದೇ 1838ರಲ್ಲಿ, ಆದ್ದರಿಂದ ಅದನ್ನು ಅಂದಿನ ವಲಸಿಗರೆಲ್ಲರ ಬಾಯಿಪಾಠದ ಧ್ಯೇಯವಾಕ್ಯವೆಂದು ಭಾವಿಸುವುದು ಸರಿಯಲ್ಲ.

ಹೊಸ ನೆಲದಲ್ಲಿ ಒಡಂಬಡಿಕೆಗೆ ರೂಪ ಕೊಡುವ ಕೆಲಸ ಊರೂರಿನ ಸಭೆಯಿಂದ ಆರಂಭವಾಯಿತು. ಇಲ್ಲಿ ಬಿಷಪರಿಲ್ಲ, ಒಂದು ಸಭೆಯ ಮೇಲೆ ಇನ್ನೊಂದಕ್ಕೆ ಅಧಿಕಾರವಿಲ್ಲ. ಕೆಲವು ಮಂದಿ ದೇವರೊಡನೆಯೂ ತಮ್ಮತಮ್ಮೊಳಗೂ ಒಡಂಬಡಿಕೆ ಮಾಡಿಕೊಂಡು, ತಮ್ಮ ಸಭಾಪಾಲಕನನ್ನು ತಾವೇ ಆರಿಸಿ ನೇಮಿಸಿಕೊಳ್ಳುತ್ತಿದ್ದರು. ಕಾಂಗ್ರಿಗೇಷನಲ್ ಪದ್ಧತಿಯೆಂದು ಹೆಸರಾದ ಈ ವ್ಯವಸ್ಥೆಯನ್ನು ಮ್ಯಾಸಚೂಸೆಟ್ಸಿನಲ್ಲೇ ಇರುವ ಕೇಂಬ್ರಿಡ್ಜ್ ಊರಿನ 1648ರ ಧರ್ಮಸಭೆಯ ನಿರ್ಣಯ ಕ್ರಮಬದ್ಧಗೊಳಿಸಿತು. ಸಭೆಯ ಆರಾಧನೆಗೆ ಊರಿನವರೆಲ್ಲರೂ ಬರಬೇಕಾಗಿತ್ತು, ಆದರೆ ಸದಸ್ಯತ್ವ ಎಲ್ಲರಿಗೂ ಇರಲಿಲ್ಲ. 1630ರ ದಶಕದ ನಡುವಿನಿಂದ, ಸದಸ್ಯನಾಗಬಯಸುವವನು ಬೈಬಲ್ ಜ್ಞಾನವನ್ನೂ ಸನ್ನಡತೆಯನ್ನೂ ತೋರಿಸಿದರೆ ಸಾಲದೆ, ದೇವರ ಕೃಪೆ ತನ್ನೊಳಗೆ ಹೇಗೆ ಕೆಲಸ ಮಾಡಿತೆಂಬುದನ್ನು, ಪಾಪಪ್ರಜ್ಞೆ ಮೂಡಿದ್ದರಿಂದ ಹಿಡಿದು ಹತಾಶೆ, ಸೈತಾನನ ಶೋಧನೆ, ಭರವಸೆಯ ಮಿಣುಕುಗಳವರೆಗೆ, ವಿವರಿಸಬೇಕಾಯಿತು. ಕೇಂಬ್ರಿಡ್ಜಿನ ಬೋಧಕ ತಾಮಸ್ ಶೆಪರ್ಡ್ ಇಂಥ ಹಲವು ನಿವೇದನೆಗಳನ್ನು ಬರೆದಿಟ್ಟಿದ್ದಾನೆ. ಮನೆಗೆಲಸದ ಹೆಣ್ಣುಮಗಳಿಂದ ಹಿಡಿದು ವಿದ್ಯಾರ್ಥಿಯವರೆಗೆ ಸಾಮಾನ್ಯರ ಒಳಬದುಕು 17ನೇ ಶತಮಾನದ ದಾಖಲೆಗಳಲ್ಲಿ ಇಷ್ಟು ಹತ್ತಿರದಿಂದ ಕೇಳಿಸುವುದು ಅಪರೂಪ. ತೃಪ್ತಿಯಿಂದ ತನ್ನ ರಕ್ಷಣೆ ಖಚಿತವೆಂದವನ ಮೇಲೆ ಕೇಳುಗರಿಗೆ ಸಂಶಯ ಮೂಡುತ್ತಿತ್ತು. ಅನುಮಾನದೊಡನೆ ಸೆಣಸುತ್ತಿರುವವನೇ ನಂಬಲರ್ಹನೆನಿಸುತ್ತಿದ್ದನು.

1631ರ ಕಾನೂನಿನಂತೆ ಸಭೆಯ ಸದಸ್ಯರಾದ ಗಂಡಸರಿಗೆ ಮಾತ್ರ ಗವರ್ನರನನ್ನೂ ನ್ಯಾಯಾಧಿಕಾರಿಗಳನ್ನೂ ಚುನಾಯಿಸುವ ಹಕ್ಕು ಸಿಕ್ಕಿತು. ಇಷ್ಟರಿಂದಲೇ ಈ ವಸಾಹತನ್ನು ಪಾದ್ರಿಗಳ ರಾಜ್ಯವೆಂದು ಕರೆಯುವುದು ವಾಡಿಕೆಯಾಗಿದ್ದರೂ, ಬೋಧಕರು ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ, ಸಭೆಯಿಂದ ಬಹಿಷ್ಕೃತನಾದವನು ಅಷ್ಟಕ್ಕೇ ತನ್ನ ಹುದ್ದೆಯನ್ನು ಕಳೆದುಕೊಳ್ಳುತ್ತಿರಲಿಲ್ಲ, ಮದುವೆಯನ್ನು ನಡೆಸುವವನು ಪಾದ್ರಿಯಲ್ಲ, ನ್ಯಾಯಾಧಿಕಾರಿ. ಮದುವೆ ಸಂಸ್ಕಾರವಲ್ಲ, ಕರಾರು, ಆದ್ದರಿಂದ ವ್ಯಭಿಚಾರ, ಪರಿತ್ಯಾಗಗಳಂಥ ಕಾರಣಗಳಿಗೆ ವಿಚ್ಛೇದನವೂ ಸಾಧ್ಯವಿತ್ತು. ಈ ವಿಷಯದಲ್ಲಿ ಅಂದಿನ ಇಂಗ್ಲೆಂಡಿಗಿಂತ ಮ್ಯಾಸಚೂಸೆಟ್ಸ್ ಮುಂದಿತ್ತು. ಆದರೆ ಸಭೆ ಮತ್ತು ಸರ್ಕಾರ ಎಂಬ ಎರಡೂ ಕೈಗಳು ಒಂದೇ ದೇಹದವಾಗಿದ್ದವು: ಸತ್ಯಧರ್ಮವನ್ನು ಕಾಪಾಡುವುದು, ಸುಳ್ಳು ಬೋಧನೆಯನ್ನು ದಂಡಿಸುವುದು ಸರ್ಕಾರದ ಕರ್ತವ್ಯವೆಂಬುದರಲ್ಲಿ ಬಹುತೇಕ ಯಾರಿಗೂ ಸಂಶಯವಿರಲಿಲ್ಲ.

ಆರಾಧನೆ ನಡೆಯುತ್ತಿದ್ದುದು ಶಿಲುಬೆ, ಚಿತ್ರ, ವಾದ್ಯ ಒಂದೂ ಇಲ್ಲದ ಸರಳ ಸಭಾಮಂದಿರದಲ್ಲಿ. ಅದೇ ಕಟ್ಟಡದಲ್ಲಿ ಊರಿನ ಪಂಚಾಯಿತಿಯೂ ಸೇರುತ್ತಿತ್ತು. ಶನಿವಾರ ಸೂರ್ಯಾಸ್ತದಿಂದಲೇ ಆರಂಭವಾಗುವ ಸಬ್ಬತ್ತಿನಂದು ಬೆಳಗ್ಗೆ ಮತ್ತು ಮಧ್ಯಾಹ್ನ ದೀರ್ಘ ಪ್ರಸಂಗಗಳು, ನಡುನಡುವೆ ವಾದ್ಯವಿಲ್ಲದೆ ಹಾಡುವ ದಾವೀದನ ಕೀರ್ತನೆಗಳು. ಕ್ರಿಸ್‌ಮಸ್ ಹಬ್ಬಕ್ಕೆ ಬೈಬಲ್ಲಿನ ಆಧಾರವಿಲ್ಲವೆಂದು 1659ರಲ್ಲಿ ಅದನ್ನು ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಲಾಯಿತು. ಈ ಕಾನೂನು ರದ್ದಾದದ್ದು 1681ರಲ್ಲಿ. ಇವರು ಕಪ್ಪುಡುಗೆಯ, ನಗೆಯರಿಯದ, ಮದ್ಯ ಮುಟ್ಟದ ಜನರೆಂಬುದು ಮಾತ್ರ ನಂತರದ ಕಾಲದ ಕಟ್ಟುಕತೆ. ಬಿಯರ್ ದಿನನಿತ್ಯದ ಪಾನೀಯವಾಗಿತ್ತು, ಬಣ್ಣದ ಬಟ್ಟೆ ಸಾಮಾನ್ಯವಾಗಿತ್ತು, ದಾಂಪತ್ಯದ ಸುಖವನ್ನು ದೇವರ ವರವೆಂದು ಬೋಧಕರೇ ಹೊಗಳುತ್ತಿದ್ದರು. ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್ ಪತಿಯನ್ನು ಕುರಿತು ಬರೆದ ಪ್ರೇಮಕವಿತೆಗಳು ಇದಕ್ಕೆ ಸಾಕ್ಷಿ. 1650ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವಳ ಸಂಕಲನ ಆ ವಸಾಹತಿನ ಕವಿಯೊಬ್ಬರ ಮೊದಲ ಪ್ರಕಟಿತ ಕಾವ್ಯಗಳಲ್ಲಿ ಒಂದು.

ದೇವರ ಮಾತನ್ನು ಪ್ರತಿಯೊಬ್ಬನೂ ತಾನೇ ಓದಿ ಅರಿಯಬೇಕೆಂಬ ನಂಬಿಕೆಯು ಓದುಬರಹವನ್ನು ಧರ್ಮದ ಕರ್ತವ್ಯವಾಗಿಸಿತು. ಮಕ್ಕಳಿಗೂ ಮನೆಯಲ್ಲಿರುವ ಆಳುಗಳಿಗೂ ಓದು ಕಲಿಸುವ ಹೊಣೆಯನ್ನು 1642ರ ಕಾನೂನು ಮನೆಯ ಯಜಮಾನನ ಮೇಲೆ ಹೊರಿಸಿತು. 1647ರ ಕಾನೂನು, ಜನರನ್ನು ಬೈಬಲ್ಲಿನ ಅರಿವಿನಿಂದ ದೂರವಿಡುವುದೇ ಸೈತಾನನ ಹಳೆಯ ಹೂಟವೆಂದು ಪೀಠಿಕೆ ಹಾಕಿ, 50 ಮನೆಗಳಿರುವ ಪ್ರತಿ ಊರೂ ಓದುಬರಹ ಕಲಿಸುವ ಉಪಾಧ್ಯಾಯನನ್ನು ನೇಮಿಸಬೇಕೆಂದೂ 100 ಮನೆಗಳಿರುವ ಊರು ಲ್ಯಾಟಿನ್ ಕಲಿಸುವ ಶಾಲೆಯನ್ನು ತೆರೆಯಬೇಕೆಂದೂ ಆಜ್ಞಾಪಿಸಿತು. ಬಂದು ನೆಲೆಸಿದ ಆರೇ ವರ್ಷಗಳಲ್ಲಿ, 1636ರಲ್ಲಿ, ಕಾಲೇಜೊಂದಕ್ಕೆ 400 ಪೌಂಡ್ ಮಂಜೂರಾಯಿತು. ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಪುಸ್ತಕಗಳನ್ನೂ ಬಿಟ್ಟು 1638ರಲ್ಲಿ ತೀರಿಕೊಂಡ ಯುವ ಬೋಧಕ ಜಾನ್ ಹಾರ್ವರ್ಡನ ಹೆಸರು ಅದಕ್ಕೆ ನಿಂತಿತು. ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೂ ಇಲ್ಲಿಯದೇ: 1640ರಲ್ಲಿ ಹೊರಬಂದ ಕೀರ್ತನೆಗಳ ಪದ್ಯಾನುವಾದ.

ದುಡಿಮೆಯ ಕುರಿತ ಅವರ ವಿಚಾರಗಳನ್ನು ಮ್ಯಾಕ್ಸ್ ವೇಬರ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞ 20ನೇ ಶತಮಾನದ ಆರಂಭದಲ್ಲಿ ಬಂಡವಾಳಶಾಹಿಯ ಮನೋಧರ್ಮಕ್ಕೆ ತಳುಕುಹಾಕಿದ್ದು ಸುಪ್ರಸಿದ್ಧ. ಚಮ್ಮಾರನಾಗಲಿ ವಕೀಲನಾಗಲಿ ಪ್ರತಿಯೊಬ್ಬನಿಗೂ ದೇವರು ವಹಿಸಿದ ಒಂದು ಕಾಯಕವಿದೆ, ಅದನ್ನು ಶ್ರದ್ಧೆಯಿಂದ ಮಾಡುವುದೇ ಆರಾಧನೆ ಎಂದು ಪರ್ಕಿನ್ಸ್ ಬೋಧಿಸಿದ್ದು ನಿಜ. ಆದರೆ ಲಾಭದ ಬೆನ್ನುಹತ್ತುವುದನ್ನು ಅವರು ಸಂಶಯದಿಂದಲೇ ನೋಡುತ್ತಿದ್ದರು. ಬಾಸ್ಟನ್ನಿನ ವರ್ತಕ ರಾಬರ್ಟ್ ಕೀನ್, ತನ್ನ ಸರಕಿಗೆ ವಿಪರೀತ ಬೆಲೆ ಹಚ್ಚಿದನೆಂದು 1639ರಲ್ಲಿ ಸರ್ಕಾರದಿಂದ ದಂಡವನ್ನೂ ಸಭೆಯಿಂದ ಛೀಮಾರಿಯನ್ನೂ ಅನುಭವಿಸಿ, ಆ ಅವಮಾನವನ್ನು ಮರೆಯಲಾರದೆ ತನ್ನ ಉದ್ದನೆಯ ಮರಣಶಾಸನದಲ್ಲೂ ಸಮರ್ಥನೆ ಬರೆದುಕೊಂಡನು.

ಒಡಂಬಡಿಕೆಯ ಸಮಾಜಕ್ಕೆ ಗಟ್ಟಿಯಾದ ಸವಾಲು ಎಸೆದವರು ನಾಸ್ತಿಕರಲ್ಲ, ಅದರ ತರ್ಕವನ್ನು ಕೊನೆಯವರೆಗೂ ಎಳೆದ ಭಕ್ತರು. 1631ರಲ್ಲಿ ಬಂದ ರಾಜರ್ ವಿಲಿಯಮ್ಸ್, ಶುದ್ಧ ಸಭೆಗೆ ಲೋಕದ ಸರ್ಕಾರದ ಸ್ಪರ್ಶವೇ ಕಲ್ಮಷವೆಂದೂ, ದಶಾಜ್ಞೆಗಳಲ್ಲಿ ದೇವರಿಗೆ ಸಲ್ಲಬೇಕಾದ ಕರ್ತವ್ಯಗಳನ್ನು ಹೇಳುವ ಮೊದಲ ಭಾಗವನ್ನು ನ್ಯಾಯಾಧಿಕಾರಿಗಳು ಜಾರಿಮಾಡಕೂಡದೆಂದೂ, ಮೂಲನಿವಾಸಿಗಳ ನೆಲವನ್ನು ಕೊಡಲು ಇಂಗ್ಲೆಂಡಿನ ರಾಜನಿಗೆ ಹಕ್ಕಿಲ್ಲವೆಂದೂ ಸಾರಿದನು. 1635ರಲ್ಲಿ ಗಡೀಪಾರಿನ ಶಿಕ್ಷೆಗೆ ಗುರಿಯಾದ ಅವನು ಮರುವರ್ಷ ಸ್ಥಾಪಿಸಿದ ಪ್ರಾವಿಡೆನ್ಸ್, ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ನೆಲೆಯಾಯಿತು. ಅವನು ಉದಾರವಾದಿಯಾದದ್ದು ಧರ್ಮದ ವಿಷಯದಲ್ಲಿ ಸಡಿಲನಾಗಿದ್ದರಿಂದಲ್ಲ, ಉಳಿದ ಪ್ಯೂರಿಟನ್ನರಿಗಿಂತ ಬಿಗಿಯಾಗಿದ್ದರಿಂದ.

ಆನ್ ಹಚಿನ್‌ಸನ್ನಳ ಪ್ರಕರಣ ಇನ್ನೂ ಆಳವಾದದ್ದು. 1634ರಲ್ಲಿ ಬಾಸ್ಟನ್ನಿಗೆ ಬಂದ, ಹೆರಿಗೆಗಳಿಗೆ ನೆರವಾಗುತ್ತಿದ್ದ ಈ ವಿದ್ಯಾವಂತೆ ತನ್ನ ಮನೆಯಲ್ಲಿ ಹೆಂಗಸರನ್ನೂ ಮುಂದೆ ಗಂಡಸರನ್ನೂ ಸೇರಿಸಿ ಪ್ರಸಂಗಗಳನ್ನು ವಿಮರ್ಶಿಸತೊಡಗಿದಳು. ವಸಾಹತಿನ ಬಹುತೇಕ ಬೋಧಕರು ಸನ್ನಡತೆಯನ್ನು ಕೃಪೆಯ ಗುರುತೆಂದು ಹೇಳುತ್ತ ಜನರನ್ನು ಮತ್ತೆ ಕ್ರಿಯೆಯ ಒಡಂಬಡಿಕೆಗೇ ಒಯ್ಯುತ್ತಿದ್ದಾರೆ, ಜಾನ್ ಕಾಟನ್ ಮೊದಲಾದ ಒಬ್ಬಿಬ್ಬರು ಮಾತ್ರ ಶುದ್ಧ ಕೃಪೆಯನ್ನು ಬೋಧಿಸುತ್ತಾರೆ ಎಂಬುದು ಅವಳ ಆಕ್ಷೇಪ. ಸಿದ್ಧಾಂತದ ದೃಷ್ಟಿಯಿಂದ ಅವಳು ಮರ್ಮಕ್ಕೇ ಕೈಹಾಕಿದ್ದಳು: ಕೃಪೆ ಕಣ್ಣಿಗೆ ಕಾಣದ್ದಾದರೆ, ಕಾಣುವ ನಡತೆಯ ಆಧಾರದ ಮೇಲೆ ಸಭೆಯನ್ನೂ ರಾಜ್ಯವನ್ನೂ ಕಟ್ಟುವುದು ಹೇಗೆ? 1637ರ ನವೆಂಬರಿನ ವಿಚಾರಣೆಯಲ್ಲಿ ವಿಂತ್ರಾಪನ ಪ್ರಶ್ನೆಗಳಿಗೆ ಬೈಬಲ್ಲಿನಿಂದಲೇ ಉತ್ತರಿಸುತ್ತ ಬಹಳ ಹೊತ್ತು ಮೇಲುಗೈ ಸಾಧಿಸಿದ್ದ ಅವಳು, ಕೊನೆಗೆ ದೇವರು ತನಗೆ ನೇರವಾಗಿ ತಿಳಿಸಿದ್ದಾನೆಂದು ಹೇಳಿದಾಗ ನ್ಯಾಯಾಧಿಕಾರಿಗಳಿಗೆ ಬೇಕಾದದ್ದು ಸಿಕ್ಕಂತಾಯಿತು. ಅವಳನ್ನು ಗಡೀಪಾರು ಮಾಡಿ, ಮರುವರ್ಷ ಸಭೆಯಿಂದಲೂ ಬಹಿಷ್ಕರಿಸಲಾಯಿತು. ಪ್ರತಿಯೊಬ್ಬರೊಳಗೂ ದೈವಿಕ ಬೆಳಕಿದೆಯೆಂದು ನಂಬಿದ ಕ್ವೇಕರರ ಪಾಡು ಇನ್ನೂ ಕಠಿಣವಾಗಿತ್ತು: ಗಡೀಪಾರಾದರೂ ಮತ್ತೆ ಮತ್ತೆ ಮರಳಿದ ನಾಲ್ವರನ್ನು 1659ರಿಂದ 1661ರ ನಡುವೆ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಲಾಯಿತು, ಹಚಿನ್‌ಸನ್ನಳ ಹಿಂದಿನ ಗೆಳತಿ ಮೇರಿ ಡಯರ್ ಅವರಲ್ಲಿ ಒಬ್ಬಳು.

ಮ್ಯಾಸಚೂಸೆಟ್ಸ್ ಬೇ ಕಂಪನಿಯ ಮುದ್ರೆಯಲ್ಲಿ, ಬಂದು ನೆರವಾಗಿರೆಂದು ಬೇಡುವ ಮೂಲನಿವಾಸಿಯೊಬ್ಬನ ಚಿತ್ರವಿತ್ತು. ಯಾರೂ ಹಾಗೆ ಬೇಡಿರಲಿಲ್ಲ. 1616ರಿಂದ 1619ರವರೆಗಿನ ಸಾಂಕ್ರಾಮಿಕವೊಂದು ಕರಾವಳಿಯ ಹಳ್ಳಿಗಳನ್ನು ಬರಿದುಮಾಡಿತ್ತು. 1633-34ರ ಸಿಡುಬಿನ ಬಳಿಕ ವಿಂತ್ರಾಪ್ ಅದನ್ನು ನೆಲದ ಮೇಲಿನ ತಮ್ಮ ಹಕ್ಕನ್ನು ದೇವರೇ ಸ್ಪಷ್ಟಪಡಿಸಿದ ಕಾರ್ಯವೆಂದು ಅರ್ಥೈಸಿದನು. ಬೇಲಿ ಹಾಕದ, ದನಗಳನ್ನು ಸಾಕದ ನೆಲ ಖಾಲಿ ನೆಲವೆಂಬ ವಾದವೂ ಜೊತೆಗಿತ್ತು. 1637ರ ಮೇ 26ರಂದು ಮಿಸ್ಟಿಕ್ ನದಿಯ ಬಳಿ ಪೀಕ್ವಾಟ್ ಜನರ ಹಳ್ಳಿಗೆ ಇಂಗ್ಲಿಷರೂ ಅವರ ಮಿತ್ರ ಪಂಗಡಗಳೂ ಮುತ್ತಿಗೆ ಹಾಕಿ ಬೆಂಕಿಯಿಟ್ಟಾಗ ಹೆಂಗಸರು, ಮಕ್ಕಳು ಸೇರಿ 400ಕ್ಕೂ ಹೆಚ್ಚು ಮಂದಿ ಸತ್ತರು. ಹಳೆಯ ಒಡಂಬಡಿಕೆಯ ಯುದ್ಧಗಳ ಪರಿಭಾಷೆಯಲ್ಲಿ ಅದನ್ನು ದೇವರ ಗೆಲುವೆಂದು ಬರೆಯಲಾಯಿತು. ಸೆರೆಸಿಕ್ಕವರಲ್ಲಿ ಹಲವರು ಗುಲಾಮರಾಗಿ ವೆಸ್ಟ್ ಇಂಡೀಸಿಗೆ ಸಾಗಿಸಲ್ಪಟ್ಟರು, 1641ರ ಕಾನೂನು ಸಂಹಿತೆ ನ್ಯಾಯಯುದ್ಧದ ಸೆರೆಯಾಳುಗಳನ್ನೂ ಮಾರಾಟವಾಗಿ ಬಂದ ಪರಕೀಯರನ್ನೂ ಗುಲಾಮರಾಗಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು.

ಸುವಾರ್ತೆಯನ್ನು ತಲುಪಿಸುವ ಕೆಲಸ ತಡವಾಗಿ, ಮುಖ್ಯವಾಗಿ ರಾಕ್ಸ್‌ಬರಿಯ ಬೋಧಕ ಜಾನ್ ಎಲಿಯಟ್‌ನಿಂದ ನಡೆಯಿತು. ಸ್ಥಳೀಯ ಭಾಷೆಯನ್ನು ಕಲಿತು, ಆ ಭಾಷಿಕರ ನೆರವಿನಿಂದ ಅವನು ಅನುವಾದಿಸಿದ ಬೈಬಲ್ 1663ರಲ್ಲಿ ಅಚ್ಚಾಯಿತು. ಅಮೆರಿಕ ಖಂಡಗಳಲ್ಲಿ ಮುದ್ರಣಗೊಂಡ ಮೊದಲ ಸಮಗ್ರ ಬೈಬಲ್ ಅದು. ಮತಾಂತರಗೊಂಡವರಿಗಾಗಿ 1651ರಲ್ಲಿ ನೇಟಿಕ್‌ನಿಂದ ಆರಂಭಿಸಿ 1674ರ ವೇಳೆಗೆ ಹದಿನಾಲ್ಕು ‘ಪ್ರಾರ್ಥನಾ ಊರು’ಗಳು ಎದ್ದವು, ಅಲ್ಲಿ ಕೂದಲಿನ ಉದ್ದದಿಂದ ಹಿಡಿದು ಮನೆಯ ಆಕಾರದವರೆಗೆ ಎಲ್ಲವೂ ಇಂಗ್ಲಿಷರಂತೆ ಬದಲಾಗಬೇಕಿತ್ತು. ಹೀಗೆ ಬದಲಾದವರಿಗೂ ರಕ್ಷಣೆ ದೊರೆಯಲಿಲ್ಲ: 1675ರಲ್ಲಿ ವಾಂಪನೋಗ್ ನಾಯಕ ಮೆಟಕಾಮ್‌ನ ಯುದ್ಧ ಆರಂಭವಾದಾಗ, ನೂರಾರು ಕ್ರೈಸ್ತ ಮೂಲನಿವಾಸಿಗಳನ್ನು ಬಾಸ್ಟನ್ ಬಂದರಿನ ಡೀರ್ ದ್ವೀಪದಲ್ಲಿ ಕೂಡಿಹಾಕಲಾಯಿತು, ಚಳಿ ಹಸಿವುಗಳಿಂದ ಹಲವರು ಸತ್ತರು. ಎಲಿಯಟ್‌ನ ಆ ಬೈಬಲ್, ಆಡುವವರಿಲ್ಲದೆ ಹೋಗಿದ್ದ ವಾಂಪನೋಗ್ ಭಾಷೆಯನ್ನು ಮರಳಿ ಕಲಿಯುತ್ತಿರುವ ಅವರ ವಂಶಜರಿಗೆ ಇಂದು ಮುಖ್ಯ ಆಕರಗಳಲ್ಲೊಂದಾಗಿದೆ.

ಮೂಲ ಗುರಿ ಕರಗತೊಡಗಿದ್ದು ಇಂಗ್ಲೆಂಡಿನ ಬದಲಾವಣೆಯಿಂದಲೂ ಹೌದು. 1642ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗುವ ಹೊತ್ತಿಗೆ ವಲಸೆ ನಿಂತಿತು, ಕೆಲವರು ಮರಳಿಯೂ ಹೋದರು; ಮುಂದೆ ಚಾರ್ಲ್ಸ್‌ನ ಶಿರಚ್ಛೇದವಾಗಿ ಪ್ಯೂರಿಟನ್ನರೇ ಅಧಿಕಾರಕ್ಕೆ ಬಂದರು. ಆದರೆ ಅವರ ನಾಯಕ ಕ್ರಾಮ್‌ವೆಲ್‌ನ ಇಂಗ್ಲೆಂಡ್ ನಾನಾ ಪಂಥಗಳನ್ನು ಸಹಿಸುವ ದಾರಿ ಹಿಡಿದು, ಮ್ಯಾಸಚೂಸೆಟ್ಸಿನ ಕಟ್ಟುನಿಟ್ಟನ್ನೇ ಟೀಕಿಸಿತು. ಮಾದರಿಯಾಗಬೇಕೆಂದಿದ್ದವರನ್ನು ನೋಡುವವರೇ ಇಲ್ಲವಾದರು ಎಂದು ಇತಿಹಾಸಕಾರ ಪೆರಿ ಮಿಲ್ಲರ್ ಈ ಸ್ಥಿತಿಯನ್ನು ವಿಶ್ಲೇಷಿಸಿದ್ದಾನೆ. ಮನೆಯೊಳಗಿನ ಸಮಸ್ಯೆ ಇನ್ನೂ ಜಟಿಲವಾಗಿತ್ತು. ಕಿರುಕುಳವನ್ನೂ ಕಡಲನ್ನೂ ಕಾಣದ ಎರಡನೆಯ ತಲೆಮಾರಿನ ಹಲವರು ಸಭೆಯ ಮುಂದೆ ಹೇಳಿಕೊಳ್ಳುವಂಥ ಅನುಭವ ತಮಗಾಗಿಲ್ಲವೆಂದು ಪ್ರಾಮಾಣಿಕವಾಗಿಯೇ ಹಿಂದೆ ಸರಿದರು; ಸದಸ್ಯರಲ್ಲದವರ ಮಕ್ಕಳಿಗೆ ದೀಕ್ಷಾಸ್ನಾನ ಸಿಗುವಂತಿರಲಿಲ್ಲ. 1662ರ ಧರ್ಮಸಭೆ, ಸನ್ನಡತೆಯ ಅಂಥವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದು, ಆದರೆ ಆ ತಂದೆತಾಯಿಯರಿಗೆ ಪ್ರಭುಭೋಜನವಾಗಲಿ ಸಭೆಯಲ್ಲಿ ಮತವಾಗಲಿ ಇಲ್ಲ ಎಂಬ ಅರ್ಧ ದಾರಿಯ ಪರಿಹಾರವನ್ನು ಸೂಚಿಸಿತು. ಪ್ರತಿ ಬರ, ಪ್ರತಿ ದಾಳಿಯ ಬಳಿಕ ಉಪವಾಸದ ದಿನಗಳನ್ನು ಗೊತ್ತುಮಾಡಿ, ತಂದೆಯರ ನಿಷ್ಠೆಯಿಂದ ಮಕ್ಕಳು ಜಾರಿದ್ದಾರೆಂದು ಗೋಳಿಡುವ ಪ್ರಸಂಗಗಳು ಒಂದು ಸಾಹಿತ್ಯಪ್ರಕಾರವೇ ಆದವು.

1684ರಲ್ಲಿ ಲಂಡನ್ನಿನ ನ್ಯಾಯಾಲಯವು ಹಳೆಯ ಸನ್ನದನ್ನು ರದ್ದುಮಾಡಿತು. 1691ರ ಹೊಸ ಸನ್ನದು ಗವರ್ನರನ ನೇಮಕವನ್ನು ರಾಜನ ಕೈಗೆ ಕೊಟ್ಟು, ಕ್ಯಾಥೊಲಿಕರನ್ನುಳಿದು ಎಲ್ಲ ಕ್ರೈಸ್ತರಿಗೂ ಆರಾಧನೆಯ ಸ್ವಾತಂತ್ರ್ಯವನ್ನು ವಿಧಿಸಿ, ಮತದಾನದ ಹಕ್ಕನ್ನು ಸಭೆಯ ಸದಸ್ಯತ್ವದ ಬದಲು ಆಸ್ತಿಗೆ ಜೋಡಿಸಿತು. ಮರುವರ್ಷ ಸೇಲಂ ಪಟ್ಟಣದಲ್ಲಿ ಮಾಟ ಮಾಡಿದರೆಂಬ ಆರೋಪದ ಮೇಲೆ ಹತ್ತೊಂಬತ್ತು ಜನರನ್ನು ನೇಣಿಗೇರಿಸಿ ಒಬ್ಬನನ್ನು ಕಲ್ಲು ಹೇರಿ ಕೊಂದದ್ದು ಪ್ಯೂರಿಟನ್ ಎಂಬ ಹೆಸರಿಗೆ ಇಂದಿಗೂ ಅಂಟಿಕೊಂಡಿದೆ. ಐದು ವರ್ಷಗಳ ನಂತರ ನಡೆದ ಪಶ್ಚಾತ್ತಾಪದ ಉಪವಾಸ ದಿನದಂದು ನ್ಯಾಯಾಧೀಶರಲ್ಲೊಬ್ಬನಾಗಿದ್ದ ಸ್ಯಾಮ್ಯುಯೆಲ್ ಸೀವಲ್ ಸಭೆಯ ನಡುವೆ ಎದ್ದುನಿಂತು ತನ್ನ ತಪ್ಪೊಪ್ಪಿಗೆಯನ್ನು ಓದಿಸಿದ ಸಂಗತಿಯೂ ಅದೇ ಧರ್ಮದ ಫಲವೆಂಬುದನ್ನು ಮರೆಯುವಂತಿಲ್ಲ.

ಸಭೆಗಳಿಗಾಗಿ ತೆರಿಗೆ ಎತ್ತುವ ಪದ್ಧತಿ ಮ್ಯಾಸಚೂಸೆಟ್ಸಿನಲ್ಲಿ 1833ರವರೆಗೂ ಮುಂದುವರಿಯಿತು. ಅಷ್ಟರಲ್ಲಿ ಬಾಸ್ಟನ್ನಿನ ಹಳೆಯ ಪ್ಯೂರಿಟನ್ ಸಭೆಗಳಲ್ಲಿ ಹಲವು ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರೆಂಬ ತ್ರಯೈಕ್ಯವನ್ನೂ ಪೂರ್ವನಿಯತಿಯನ್ನೂ ನಿರಾಕರಿಸುವ ಯೂನಿಟೇರಿಯನ್ ಪಂಥಕ್ಕೆ ಸೇರಿಹೋಗಿದ್ದವು. ಹಳೆಯ ನಂಬಿಕೆಗೆ ಅಂಟಿಕೊಂಡ ಕಾಂಗ್ರಿಗೇಷನಲ್ ಸಭೆಗಳು 1810ರಲ್ಲಿ ಸ್ಥಾಪಿಸಿದ ಅಮೆರಿಕನ್ ಮಿಷನ್ ಮಂಡಳಿಯ ಬೋಧಕರು 1813ರಲ್ಲಿ ಮುಂಬಯಿಗೆ ಬಂದು ಮರಾಠಿಯಲ್ಲಿ ಶಾಲೆಗಳನ್ನೂ ಮುದ್ರಣವನ್ನೂ ಆರಂಭಿಸಿದರು. ಇಂಗ್ಲೆಂಡಿನಲ್ಲೇ ಉಳಿದ ಪ್ಯೂರಿಟನ್ನರ ಉತ್ತರಾಧಿಕಾರಿಗಳಾದ ಕಾಂಗ್ರಿಗೇಷನಲ್ ಸಭೆಗಳ ಬೆಂಬಲದಿಂದ ನಡೆಯುತ್ತಿದ್ದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲ್ಲನ್ನು ಮೊದಲ ಬಾರಿಗೆ ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದನು. 17ನೇ ಶತಮಾನದ ಪ್ಯೂರಿಟನ್ ಬೋಧಕ ಜಾನ್ ಬನ್ಯನ್ನನ ರೂಪಕ ಕಥೆಯೂ 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಅಚ್ಚಾಯಿತು.